ಮಾನಿಟರಿಗೆ ಎದುರಾಗಿ ನಿಂತ ಕ್ಯಾಮೆರಾ: 1975ರ ಒಂದು ಮ್ಯೂಸಿಕ್ ವಿಡಿಯೊ ಕುರಿತು ಅಧ್ಯಯನ ಟಿಪ್ಪಣಿ

ಡಿಸ್ಕೊ ನೃತ್ಯಸಂಗೀತ ಮತ್ತು ಪಂಕ್ ರಾಕ್ ಸಂಗೀತದ ಕಾಲದ ಮ್ಯೂಸಿಕ್ ವಿಡಿಯೊಗಳ ಅಧ್ಯಯನವನ್ನು ಬ್ರಿಟನ್ನಿನ ರಾಕ್ ತಂಡ ಕ್ವೀನ್‌ನ ‘ಬೊಹೀಮಿಯನ್ ರ‍್ಯಾಪ್ಸೊಡಿ’ಯಿಂದ ಆರಂಭಿಸುವುದೇ ಸರಿ ಎಂದು ನನಗೆ ಅನ್ನಿಸುತ್ತದೆ. ಬ್ರೂಸ್ ಗೋವರ್ಸ್ ಅವರ ನಿರ್ದೇಶನದಲ್ಲಿ 1975ರ ನವೆಂಬರ್‌ನಲ್ಲಿ ಎಲ್‌ಸ್ಟ್ರೀ ಸ್ಟುಡಿಯೊದಲ್ಲಿ ಸುಮಾರು 4 ಗಂಟೆಗಳಲ್ಲಿ ಇದರ ಚಿತ್ರೀಕರಣ ಮುಗಿಯಿತು, 5 ಗಂಟೆಗಳಲ್ಲಿ ಸಂಕಲನವೂ ಆಯಿತು. ಫಿಲ್ಮ್ ಬಳಸದೆ ವಿಡಿಯೊಟೇಪ್ ಬಳಸಿದ್ದೇ ಆ ವೇಗಕ್ಕೆ ಮುಖ್ಯ ಕಾರಣ, ಏಕೆಂದರೆ ಟೇಪನ್ನು ಸಂಸ್ಕರಣೆಗಾಗಿ ಲ್ಯಾಬಿಗೆ ಕಳುಹಿಸಬೇಕಾಗಿರಲಿಲ್ಲ.

ಈ ವಿಡಿಯೊದ ದೃಶ್ಯ ಚಮತ್ಕಾರಗಳನ್ನೆಲ್ಲ ಸಂಕಲನದಲ್ಲಿ ಸೇರಿಸಿದ್ದಲ್ಲ, ಚಿತ್ರೀಕರಣದ ಹೊತ್ತಿನಲ್ಲೇ ಮಾಡಿದ್ದು. ಒಂದೇ ಮುಖ ಜೇನುಗೂಡಿನಂತೆ ಹಲವಾಗಿ ಕಾಣುವುದಕ್ಕೆ ಲೆನ್ಸಿನ ಮುಂದಿಟ್ಟ, ಹಲವು ಪಟ್ಟುಗಳಾಗಿ ಕತ್ತರಿಸಿದ ಗಾಜು ಸಾಕಾಗಿತ್ತು. ಆದರೆ ತಂಡದ ಗಾಯಕ ಫ್ರೆಡ್ಡಿ ಮರ್ಕ್ಯುರಿ ಅವರ ಮುಖ ಒಂದರ ಹಿಂದೊಂದು ಸರಪಳಿಯಾಗಿ ದೂರ ಸರಿಯುವ ಕ್ಷಣದ ಬಗ್ಗೆ ‘ಕ್ಯಾಮೆರಾವನ್ನು ಮಾನಿಟರಿನತ್ತ ತಿರುಗಿಸಿದರು’ ಎಂಬ ವಿವರಣೆ ಓದಿ ನಾನು ಎರಡು ದಿನ ಅಲ್ಲೇ ಸಿಕ್ಕಿಕೊಂಡಿದ್ದೆ. ಕ್ಯಾಮೆರಾ ಮಾನಿಟರನ್ನು ನೋಡುತ್ತಿದ್ದರೆ, ಗಾಯಕನನ್ನು ನೋಡುವವರು ಯಾರು?

ಈ ತಂತ್ರದಲ್ಲಿ ಎರಡು ಕ್ಯಾಮೆರಾಗಳಿರುತ್ತವೆ ಎಂದು ತಿಳಿದಾಗ ಗಂಟು ಬಿಚ್ಚಿಕೊಂಡಿತು. ಮೊದಲನೆಯದು ಗಾಯಕನ ಮುಖವನ್ನೂ ಎರಡನೆಯದು ಮಾನಿಟರನ್ನೂ ಸೆರೆಹಿಡಿಯುತ್ತವೆ, ಚಿತ್ರಗಳನ್ನು ಬೆರೆಸುವ ಉಪಕರಣವಾದ ವಿಡಿಯೊ ಮಿಕ್ಸರ್ ಎರಡನ್ನೂ ಕೂಡಿಸಿ ಮತ್ತೆ ಅದೇ ಮಾನಿಟರಿಗೆ ಕಳುಹಿಸುತ್ತದೆ. ಮಾನಿಟರಿನಲ್ಲಿ ಮುಖ ಮೂಡಿದ ಕೂಡಲೇ ಎರಡನೆಯ ಕ್ಯಾಮೆರಾ ಅದನ್ನು ತುಸು ಚಿಕ್ಕದಾಗಿ ಹಿಡಿಯುತ್ತದೆ, ಆ ಚಿಕ್ಕ ಮುಖ ಮಾನಿಟರಿಗೆ ಬಂದಾಗ ಅದನ್ನೂ ಇನ್ನಷ್ಟು ಚಿಕ್ಕದಾಗಿ ಹಿಡಿಯುತ್ತದೆ. ಪ್ರತಿ ಸುತ್ತಿನಲ್ಲೂ ಚಿತ್ರ ಶೇ. 80ಕ್ಕೆ ಕುಗ್ಗುತ್ತದೆ ಎಂದುಕೊಂಡರೆ 100, 80, 64, 51 ಎಂದು ಸಾಲು ಇಳಿಯುತ್ತಾ ಹೋಗುತ್ತದೆ. ಎರಡನೆಯ ಕ್ಯಾಮೆರಾವನ್ನು ಸ್ವಲ್ಪ ಓರೆಯಾಗಿಸಿದರೆ ಸಾಲು ಒಂದು ಬದಿಗೆ ಜಾರುತ್ತದೆ. ಪ್ರತಿ ಸುತ್ತಿನಲ್ಲೂ ಬೆಳಕು ಕಡಿಮೆಯಾದರೆ ಮುಖಗಳು ಮಸುಕಾಗಿ ಕರಗುತ್ತವೆ, ಹೆಚ್ಚಾದರೆ ಪರದೆಯೆಲ್ಲ ಬೆಳ್ಳಗೆ ತುಂಬಿಹೋಗುತ್ತದೆ. ಮೈಕನ್ನು ಸ್ಪೀಕರಿನ ಹತ್ತಿರ ತಂದಾಗ ಕೇಳುವ ಕೀರಲು ಸದ್ದಿನ ದೃಶ್ಯರೂಪವಿದು, ಇದನ್ನು ವಿಡಿಯೊ ಫೀಡ್‌ಬ್ಯಾಕ್ ಎನ್ನುತ್ತಾರೆ.

ಕ್ಷೌರದಂಗಡಿಯ ಎದುರುಬದುರು ಕನ್ನಡಿಗಳಿಗೆ ಇದನ್ನು ಹೋಲಿಸಿದ್ದು ನನ್ನ ಇನ್ನೊಂದು ತಪ್ಪು. ಕನ್ನಡಿಯ ಸಾಲಿನಲ್ಲಿ ಎಲ್ಲ ಬಿಂಬಗಳೂ ನಮ್ಮ ಕಣ್ಣಿಗೆ ಒಟ್ಟಿಗೇ ಅಲುಗುತ್ತವೆ, ಇಲ್ಲಿ ಹಾಗಲ್ಲ. ವಿಡಿಯೊ ಸುತ್ತು ಹಾಕಲು ಸಮಯ ಬೇಕು, ಬ್ರಿಟನ್ನಿನಲ್ಲಿ ಟಿವಿ ಚಿತ್ರ ಸೆಕೆಂಡಿಗೆ 50 ಫೀಲ್ಡ್‌ಗಳಾಗಿ (ಅರ್ಧರ್ಧ ಚಿತ್ರಗಳಾಗಿ) ಮೂಡುತ್ತಿದ್ದುದರಿಂದ ಪ್ರತಿಯೊಂದು ಮುಖವೂ ಹಿಂದಿನದಕ್ಕಿಂತ ಒಂದಿಷ್ಟು ತಡವಾಗಿ ಅಲುಗುತ್ತದೆ. ನಾನು ವೆಬ್‌ಕ್ಯಾಮ್ ಅನ್ನು ಟಿವಿಗೆ ಜೋಡಿಸಿ, ಟಿವಿಯತ್ತಲೇ ತಿರುಗಿಸಿ ನಡುವೆ ಕೈ ಬೀಸಿ ನೋಡಿದೆ. ಮೊದಲ ಕೈ ನಿಂತ ಮೇಲೂ ಸಾಲಿನ ಕೊನೆಯ ಕೈಗಳು ಬೀಸುತ್ತಲೇ ಇದ್ದವು. ಸ್ನೇಹಿತರು ತಪ್ಪದೆ ಇದನ್ನು ಮಾಡಿ ನೋಡಬೇಕು. ಈ ತಂತ್ರ ಹೊಸದೇನಲ್ಲ: ಬಿಬಿಸಿಯ ‘ಡಾಕ್ಟರ್ ಹೂ’ ಧಾರಾವಾಹಿಯ 1963ರ ಆರಂಭ ದೃಶ್ಯದಲ್ಲೂ ಇದೇ ಇದೆ.

ಒಂದು ವಿಡಿಯೊ ಫಿಲ್ಮಿನದೋ ಟೇಪಿನದೋ ಎಂದು ಗುರುತಿಸಲು ನನಗೆ ತುಂಬ ಪ್ರಿಯವಾದ ಒಂದು ಉಪಾಯವಿದೆ. ಆ ಕಾಲದ ವಿಡಿಯೊ ಕ್ಯಾಮೆರಾಗಳಲ್ಲಿ ಚಿತ್ರ ಹಿಡಿಯಲು ಗಾಜಿನ ಟ್ಯೂಬ್ ಇರುತ್ತಿತ್ತು, ಆದ್ದರಿಂದ ಕತ್ತಲಲ್ಲಿ ಪ್ರಖರ ದೀಪ ಚಲಿಸಿದರೆ ಅದರ ಹಿಂದೆ ಧೂಮಕೇತುವಿನಂಥ ಬಾಲ ಉಳಿಯುತ್ತದೆ. ಮಿನುಗುವ ಉಡುಪು ಮತ್ತು ಲೇಸರ್ ಬೆಳಕಿರುವ ಡಿಸ್ಕೊ ವಿಡಿಯೊಗಳನ್ನು ನೋಡುವಾಗ ಈ ಬಾಲವನ್ನು ಮೊದಲು ಹುಡುಕಿ. 1979ರಲ್ಲಿ ಮೈಕಲ್ ಜಾಕ್ಸನ್ ಅವರ ‘ರಾಕ್ ವಿತ್ ಯೂ’ ನಿರ್ದೇಶಿಸಿದವರೂ ಇದೇ ಗೋವರ್ಸ್. ಅದೇ ವರ್ಷದ ‘ಡೋಂಟ್ ಸ್ಟಾಪ್ ಟಿಲ್ ಯೂ ಗೆಟ್ ಇನಫ್’ ವಿಡಿಯೊದಲ್ಲಿ ಮೂವರು ಜಾಕ್ಸನ್‌ಗಳು ಒಟ್ಟಿಗೆ ಕಾಣುತ್ತಾರೆ, ಆದರೆ ಅದನ್ನು ಫೀಡ್‌ಬ್ಯಾಕ್ ಎಂದು ಬರೆಯಬೇಡಿ. ಅದು ಕ್ರೋಮಾ ಕೀ, ಅಂದರೆ ಒಂದು ಬಣ್ಣದ ಹಿನ್ನೆಲೆಯನ್ನು ತೆಗೆದು ಬೇರೆ ಚಿತ್ರ ಕೂಡಿಸುವ ವಿಧಾನ.

ಪಂಕ್ ಕಡೆಗೆ ಬಂದರೆ ಇಂಥ ಯಂತ್ರೋಪಕರಣಗಳೇ ಇಲ್ಲ. ಬ್ರಿಟಿಷ್ ಚಿತ್ರ ನಿರ್ದೇಶಕ ಡಾನ್ ಲೆಟ್ಸ್ 1977ರಲ್ಲಿ ಲಂಡನ್ನಿನ ರಾಕ್ಸಿ ಕ್ಲಬ್ಬಿನಲ್ಲಿ ಮನೆಬಳಕೆಯ ಪುಟ್ಟ ಫಿಲ್ಮ್ ಕ್ಯಾಮೆರಾ ಸೂಪರ್ 8 ಹಿಡಿದು ತಂಡಗಳನ್ನು ಚಿತ್ರೀಕರಿಸಿದರು. 1979ರ ಡಿಸೆಂಬರ್‌ನಲ್ಲಿ ಪಂಕ್ ತಂಡ ದಿ ಕ್ಲ್ಯಾಶ್‌ನ ‘ಲಂಡನ್ ಕಾಲಿಂಗ್’ ಅನ್ನು ಅವರು ಥೇಮ್ಸ್ ದಡದ ಬ್ಯಾಟರ್ಸಿಯಲ್ಲಿ, ಸುರಿಯುವ ಮಳೆಯಲ್ಲೇ ತೆಗೆದರು. ಆ ವಿಡಿಯೊದಲ್ಲಿ ಕಾಣುವ ಕತ್ತಲು ಮತ್ತು ನೀರು ನಿಜವಾದವೇ.