ಕ್ಯಾಲೆಂಡರ್ ಕ್ಯೂಆರ್ ಕೋಡ್

ಲಗ್ನಪತ್ರಿಕೆಯ ಮೂಲೆಯಲ್ಲಿ ಈಗ ಕಾಣಸಿಗುವ ಕಪ್ಪುಬಿಳುಪಿನ ಚೌಕಗಳೆಲ್ಲ ಒಂದೇ ಕೆಲಸದವಲ್ಲ. ಕೆಲವನ್ನು ಸ್ಕ್ಯಾನ್ ಮಾಡಿದರೆ ಕಲ್ಯಾಣ ಮಂಟಪದ ನಕ್ಷೆ ತೆರೆದುಕೊಳ್ಳುತ್ತದೆ. ಇನ್ನು ಕೆಲವು ಸಮಾರಂಭದ ಹೆಸರು, ದಿನ, ವೇಳೆ, ಸ್ಥಳಗಳನ್ನು ಅತಿಥಿಯ ಫೋನಿನ ಕ್ಯಾಲೆಂಡರ್‌ಗೆ ಸಿದ್ಧರೂಪದಲ್ಲಿ ಒದಗಿಸುತ್ತವೆ. ಈ ಎರಡನೆಯ ಬಗೆಯೇ ಕ್ಯಾಲೆಂಡರ್ ಕ್ಯೂಆರ್ ಕೋಡ್. ಸೇವ್ ಒತ್ತುವ ಕೆಲಸ ಮಾತ್ರ ಅತಿಥಿಯದೇ.

ಕ್ಯೂಆರ್ ಎಂದರೆ ಕ್ವಿಕ್ ರೆಸ್ಪಾನ್ಸ್. ವಾಹನಗಳ ಬಿಡಿಭಾಗಗಳ ಲೆಕ್ಕವಿಡಲೆಂದು 1994ರಲ್ಲಿ ಜಪಾನಿನ ಮಸಾಹಿರೊ ಹರ ಮತ್ತು ಸಂಗಡಿಗರು ರೂಪಿಸಿದ ಈ ಚೌಕದೊಳಗೆ, ಕಾರ್ಯಕ್ರಮದ ವಿವರಗಳನ್ನು ಯಾವ ಕ್ಯಾಲೆಂಡರೂ ಓದುವಂತೆ ಬರೆಯಲೆಂದು 1998ರಲ್ಲಿ ಪ್ರಕಟವಾದ ಐಕ್ಯಾಲೆಂಡರ್ ಎಂಬ ಮಾನಕದ ಕೆಲವೇ ಸಾಲುಗಳನ್ನು ತುಂಬಿದರೆ ಕ್ಯಾಲೆಂಡರ್ ಕೋಡ್ ಸಿದ್ಧ.

ಎಡವುವುದು ಹೆಚ್ಚಾಗಿ ವೇಳೆಯಲ್ಲಿ. 2026ರ ಮೇ 10ರ ಬೆಳಿಗ್ಗೆ 9:15ಕ್ಕೆ ಮುಹೂರ್ತವಿದೆ ಎಂದುಕೊಳ್ಳೋಣ. ದಿನಾಂಕ 20260510 ಆಗುತ್ತದೆ. ವೇಳೆಯನ್ನು 091500 ಎಂದಷ್ಟೇ ಬರೆದರೆ ಯಾವ ದೇಶದ ಗಡಿಯಾರವೆಂಬುದು ನಮೂದಾಗದೆ, ನ್ಯೂಜೆರ್ಸಿಯಲ್ಲಿರುವ ಸೋದರಮಾವನ ಫೋನು ಅಲ್ಲಿನ ಬೆಳಿಗ್ಗೆ 9:15 ಎಂದೇ ತೋರಿಸುತ್ತದೆ, ಅಷ್ಟರಲ್ಲಿ ಇಲ್ಲಿ ಊಟದ ಪಂಕ್ತಿಗಳೂ ಮುಗಿದು ಸಂಜೆಯಾಗಿರುತ್ತದೆ. ಭಾರತದ ವೇಳೆಯಿಂದ ಐದೂವರೆ ಗಂಟೆ ಕಳೆದು 034500 ಎಂದು ಬರೆದು, ಕೊನೆಗೆ ವಿಶ್ವ ವೇಳೆಯ ಗುರುತಾದ ಝಡ್ ಅಕ್ಷರವನ್ನು ಸೇರಿಸಿದರೆ, ಅವರಿಗೆ ಹಿಂದಿನ ರಾತ್ರಿಯ 11:45 ಎಂದು ಸರಿಯಾಗಿ ಕಾಣುತ್ತದೆ. ಕಳೆಯದೆ ಝಡ್ ಮಾತ್ರ ಸೇರಿಸಿದರೆ ಊರಿನವರ ಫೋನಿನಲ್ಲೇ ಮುಹೂರ್ತ ಮಧ್ಯಾಹ್ನ 2:45ಕ್ಕೆ ಜಾರುತ್ತದೆ.

ಕನ್ನಡದಲ್ಲಿ ಬರೆಯುವವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಕಂಪ್ಯೂಟರುಗಳು ಅಕ್ಷರಗಳನ್ನು ಬರೆದಿಡುವ ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿಯೊಂದು ಸಂಕೇತವೂ (ಅಕ್ಷರ, ಸ್ವರಚಿಹ್ನೆ, ಒತ್ತಕ್ಷರ ಬೆಸೆಯುವ ಚಿಹ್ನೆ ಎಲ್ಲವೂ ಬೇರೆ ಬೇರೆ ಸಂಕೇತಗಳೇ) 3 ಬೈಟ್ ಹಿಡಿಯುವುದರಿಂದ 'ಆರತಕ್ಷತೆ' ಎಂಬ ಒಂದೇ ಪದಕ್ಕೆ 24 ಬೈಟ್ ಬೇಕು. ಅತಿ ದೊಡ್ಡ ಕ್ಯೂಆರ್ ಕೋಡ್ 2,953 ಬೈಟ್ ಹಿಡಿದೀತು, ನಿಜ. ಆದರೆ ವಿವರ ಹೆಚ್ಚಿದಷ್ಟೂ ಚುಕ್ಕಿಗಳು ಒತ್ತೊತ್ತಾಗಿ, ಹೊಳಪಿನ ಕಾಗದದ ಮೇಲೆ ಸಣ್ಣದಾಗಿ ಅಚ್ಚಾದ ಕೋಡನ್ನು ಕ್ಯಾಮೆರಾ ಓದದೇ ಹೋಗಬಹುದು. ವಂಶಾವಳಿಯನ್ನು ಪತ್ರಿಕೆಯಲ್ಲೇ ಉಳಿಸಿ, ಕೋಡಿಗೆ ನಾಲ್ಕು ವಿವರ ಕೊಟ್ಟರೆ ಸಾಕು.

ವಿವರವೆಲ್ಲ ಚೌಕದೊಳಗೇ ಇರುವ ಇಂಥ ಕೋಡಿಗೆ ಸ್ಟ್ಯಾಟಿಕ್ ಎನ್ನುತ್ತಾರೆ. ಇದನ್ನು ಓದಲು ಇಂಟರ್‌ನೆಟ್ ಬೇಡ, ಅಚ್ಚಾದ ಮೇಲೆ ತಿದ್ದುವಂತೆಯೂ ಇಲ್ಲ. ಡೈನಾಮಿಕ್ ಕೋಡಿನಲ್ಲಿರುವುದು ಒಂದು ಕೊಂಡಿ ಮಾತ್ರ. ಮಂಟಪ ಬದಲಾದರೆ ಕೊಂಡಿಯಾಚೆಯ ವಿವರವನ್ನು ತಿದ್ದಬಹುದಾದರೂ, ಆಗಲೇ ಸೇವ್ ಮಾಡಿಕೊಂಡವರ ಕ್ಯಾಲೆಂಡರ್‌ನಲ್ಲಿ ಸಾಮಾನ್ಯವಾಗಿ ಹಳೆಯ ಮಂಟಪವೇ ಉಳಿಯುತ್ತದೆ. ಅವರಿಗೆ ಫೋನ್ ಮಾಡಿಯೇ ತಿಳಿಸಬೇಕು.

ವಾಟ್ಸಾಪ್‌ನಲ್ಲಿ ಪತ್ರಿಕೆ ಕಳಿಸುವಾಗ ಈ ಚೌಕದಿಂದ ಅಷ್ಟೇನೂ ಪ್ರಯೋಜನವಿಲ್ಲ, ಏಕೆಂದರೆ ತನ್ನದೇ ಪರದೆಯ ಮೇಲಿನ ಚಿತ್ರಕ್ಕೆ ಫೋನು ಕ್ಯಾಮೆರಾ ಹಿಡಿಯಲಾರದು. ಹಾಗೆ ಪತ್ರಿಕೆ ಪಡೆಯುವವರಿಗೆ ಐಕ್ಯಾಲೆಂಡರ್‌ನ ಅದೇ ಸಾಲುಗಳಿರುವ ಐಸಿಎಸ್ ಕಡತವನ್ನು ಕಳಿಸುವುದು ಸುಲಭ.