ತೂಕವನ್ನು ನಂಬಿ ಟ್ರ್ಯಾಕ್ಟರ್ ಸಾಗಿಸಬೇಡಿ

ಟ್ರ್ಯಾಕ್ಟರನ್ನು ಟ್ರೇಲರ್ ಮೇಲೆ ಹತ್ತಿಸಿ ನಾನು ಸರಪಳಿಗೆ ಕೈ ಹಾಕುವಷ್ಟರಲ್ಲಿ ಮಾಲೀಕರಿಂದ ಬರುವ ಮಾತು ಹೆಚ್ಚುಕಡಿಮೆ ಒಂದೇ: “ಎರಡು ಟನ್ ತೂಗುತ್ತದೆ, ಅದೆಲ್ಲಿಗೆ ಹೋಗುತ್ತದೆ? ಹ್ಯಾಂಡ್ ಬ್ರೇಕ್ ಹಾಕಿದ್ದೇನೆ, ಗೇರಿನಲ್ಲೂ ಇದೆ. ಒಂದು ಹಗ್ಗ ಬಿಗಿದುಬಿಡಿ, ಸಾಕು.” ಯಂತ್ರ ಸಾಗಣೆಯ ಕೆಲಸದಲ್ಲಿ ಇಷ್ಟು ವರ್ಷ ಕಳೆದರೂ ಈ ಮಾತಿಗೆ ನನ್ನ ತಾಳ್ಮೆ ತಪ್ಪುತ್ತದೆ. ಹಾಗೆನ್ನುವವರು ಉಡಾಫೆಯವರೇನಲ್ಲ, ಆ ಯಂತ್ರದ ಮೇಲೆ ಧೂಳು ಕೂತರೂ ಸಹಿಸದವರು. ಅದಕ್ಕೇ ಇದನ್ನು ಬಿಡಿಸಿ ಹೇಳಬೇಕೆನಿಸಿತು.

ಗಾಡಿ ಗಕ್ಕನೆ ನಿಂತಾಗ ಟ್ರೇಲರ್ ನಿಲ್ಲುತ್ತದೆ. ಅದರ ಮೇಲಿರುವ ಟ್ರ್ಯಾಕ್ಟರ್ ಮೊದಲಿನ ವೇಗದಲ್ಲೇ ಮುಂದಕ್ಕೆ ಹೊರಡಲು ನೋಡುತ್ತದೆ. ಕಟ್ಟದೆ ಬಿಟ್ಟರೆ ಅದನ್ನು ತಡೆಯಲು ಇರುವುದು ಟೈರಿಗೂ ಹಲಗೆಗೂ ನಡುವಿನ ಘರ್ಷಣೆ ಮಾತ್ರ. ತೂಕ ಹೆಚ್ಚಿದರೆ ಘರ್ಷಣೆ ಹೆಚ್ಚುತ್ತದೆ, ಒಪ್ಪುತ್ತೇನೆ. ಆದರೆ ಮುಂದಕ್ಕೆ ನೂಕುವ ಬಲವೂ ಅಷ್ಟೇ ಪಾಲು ಹೆಚ್ಚುತ್ತದೆ. ಎರಡೂ ಜೊತೆಯಾಗಿಯೇ ಏರುವುದರಿಂದ ಭಾರದಿಂದ ಸಿಗುವ ಲಾಭ ಸೊನ್ನೆ. ಒಂದು ಟನ್ ಜಾರುವ ಹಲಗೆಯ ಮೇಲೆ ನಾಲ್ಕು ಟನ್ ಕೂಡ ಜಾರುತ್ತದೆ. ಜಾರಿದಾಗ ಬೀಳುವ ಪೆಟ್ಟು ಮಾತ್ರ ನಾಲ್ಕು ಪಟ್ಟು. ಟೈರಿಗೆ ಕೆಸರು ಮೆತ್ತಿದ್ದರೆ, ಟ್ರೇಲರಿನ ಕಬ್ಬಿಣದ ತಳ ಮಳೆಗೆ ನೆನೆದಿದ್ದರೆ, ಇದ್ದ ಹಿಡಿತವೂ ಹೋಯಿತು. ರಸ್ತೆಯ ಗುಂಡಿಗೆ ಚಕ್ರ ಬಿದ್ದು ಯಂತ್ರ ಒಮ್ಮೆ ಪುಟಿದರೆ ಆ ಕ್ಷಣಕ್ಕೆ ತಳದ ಮೇಲೆ ತೂಕವೇ ಇರುವುದಿಲ್ಲ. ಹಲವು ದೇಶಗಳ ನಿಯಮಗಳು ಸರಕಿನ ತೂಕದ 0.8 ಪಾಲಿನಷ್ಟು ಬಲ ಮುಂದಕ್ಕೆ, ಅರ್ಧದಷ್ಟು ಪಕ್ಕಕ್ಕೆ ಮತ್ತು ಹಿಂದಕ್ಕೆ ಬೀಳಬಹುದೆಂದು ಲೆಕ್ಕ ಹಿಡಿಯುತ್ತವೆ. ಎರಡು ಟನ್ನಿನ ಟ್ರ್ಯಾಕ್ಟರಿಗೆ ಅದು ಮುಂದಕ್ಕೆ 1,600 ಕಿಲೋ.

ಇನ್ನು ಹ್ಯಾಂಡ್ ಬ್ರೇಕ್. ಹಾಕಲೇಬೇಕು. ಆದರೆ ಅದು ಚಕ್ರ ಉರುಳುವುದನ್ನು ತಡೆಯುತ್ತದೆಯೇ ಹೊರತು ಜಾರುವುದನ್ನಲ್ಲ. ಅದೂ ಬಹುತೇಕ ಟ್ರ್ಯಾಕ್ಟರುಗಳಲ್ಲಿ ಹಿಂದಿನ ಚಕ್ರಗಳಿಗೆ ಮಾತ್ರ.

ನನ್ನ ಜೊತೆ ಹೊಸದಾಗಿ ಸೇರಿದ್ದ ಹುಡುಗನೊಬ್ಬ ಒಮ್ಮೆ ಮುಂಭಾಗದ ಎರಡು ಸರಪಳಿಗಳನ್ನಷ್ಟೇ ಮುಂದಕ್ಕೆ ಎಳೆದು ಕಟ್ಟಿ ಹೊರಟಿದ್ದ. ದಾರಿಯಲ್ಲಿ ಸೈಕಲ್ ಅಡ್ಡ ಬಂತು. ನಾನು ಹೋಗಿ ನೋಡಿದಾಗ ಟ್ರ್ಯಾಕ್ಟರ್ ಒಂದು ಗೇಣು ಮುಂದೆ ಸರಿದು ಮೂತಿ ಟ್ರೇಲರಿನ ಮುಂದಿನ ತಡೆಗೆ ಒತ್ತಿ ನಿಂತಿತ್ತು. ಹ್ಯಾಂಡ್ ಬ್ರೇಕ್ ಹಾಕಿದಂತೆಯೇ ಇತ್ತು. ಹಲಗೆಯ ಮೇಲೆ ಹಿಂದಿನ ಟೈರುಗಳು ಎಳೆದ ಎರಡು ಕಪ್ಪು ಗೆರೆಗಳು. ಮುಂದಿನ ಸರಪಳಿಗಳು ಸಡಿಲವಾಗಿ ಜೋತಾಡುತ್ತಿದ್ದವು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಆ ಹುಡುಗ ಆ ಗೆರೆಗಳನ್ನೇ ನೋಡುತ್ತ ತುಂಬ ಹೊತ್ತು ನಿಂತಿದ್ದ. ನಾನು ಬೈಯಲಿಲ್ಲ, ಬೈಯುವ ಅಗತ್ಯ ಕಾಣಲಿಲ್ಲ.

ಮುಂದೆ ಜಾರದಂತೆ ಹಿಡಿಯುವುದು ಹಿಂದಕ್ಕೆ ಎಳೆದು ಕಟ್ಟಿದ ಸರಪಳಿ. ಹಿಂದೆ ಜಾರದಂತೆ ಹಿಡಿಯುವುದು ಮುಂದಕ್ಕೆ ಎಳೆದು ಕಟ್ಟಿದ್ದು. ಆದ್ದರಿಂದ ನಾಲ್ಕು ಮೂಲೆಗೂ ನಾಲ್ಕು ಬೇರೆ ಬೇರೆ ಕಟ್ಟುಗಳು ಬೇಕು. ಸರಪಳಿ ನೆಟ್ಟಗೆ ನಿಂತಷ್ಟೂ ಅದರ ತಡೆಯುವ ಬಲ ಕುಗ್ಗುತ್ತದೆ: ತಳದಿಂದ 45 ಡಿಗ್ರಿ ಓರೆಯಲ್ಲಿದ್ದರೆ ಸುಮಾರು ಹತ್ತರಲ್ಲಿ ಏಳು ಪಾಲು ಸಿಗುತ್ತದೆ, 60 ಡಿಗ್ರಿಯಾದರೆ ಅರ್ಧ ಮಾತ್ರ. ಕೊಕ್ಕೆಯನ್ನು ಆಕ್ಸಲ್, ಡ್ರಾಬಾರ್ (ಹಿಂದೆ ಟ್ರೇಲರ್ ಸಿಕ್ಕಿಸುವ ಕಂಬಿ) ಅಥವಾ ತಯಾರಕರು ಕೈಪಿಡಿಯಲ್ಲಿ ತೋರಿಸಿದ ಜಾಗಕ್ಕೆ ಹಾಕಿ. ಸ್ಟಿಯರಿಂಗ್ ರಾಡಿಗೆ, ಹೈಡ್ರಾಲಿಕ್ ಕೊಳವೆಗೆ ತಾಗುವಂತೆ ಎಂದೂ ಬೇಡ. ಬೆಲ್ಟ್ ಆದರೂ ಸರಪಳಿ ಆದರೂ ಅದರ ಚೀಟಿಯಲ್ಲಿ ಬರೆದಿರುವ ಕೆಲಸದ ಮಿತಿಯನ್ನು, ಅಂದರೆ ಅದು ಸುರಕ್ಷಿತವಾಗಿ ತಡೆಯಬಲ್ಲ ಬಲವನ್ನು ನೋಡಿ, ಕಿತ್ತುಹೋಗುವ ಬಲವನ್ನಲ್ಲ. ನೈಲಾನ್ ಹಗ್ಗ ಎಳೆದಷ್ಟೂ ಹಿಗ್ಗುತ್ತದೆ. ಅದರ ಮಾತೇ ಬೇಡ. ನೇಗಿಲು, ಲೋಡರ್ ಇದ್ದರೆ ತಳಕ್ಕೆ ಇಳಿಸಿ ಬೇರೆಯಾಗಿ ಕಟ್ಟಿ. ನಿಮ್ಮಲ್ಲಿನ ರಸ್ತೆ ನಿಯಮ ಇದಕ್ಕಿಂತ ಹೆಚ್ಚು ಕೇಳಿದರೆ ಅದನ್ನೇ ಪಾಲಿಸಿ. ಟರ್ಬೊ (ಹೊಗೆಯ ರಭಸಕ್ಕೆ ತಿರುಗಿ ಎಂಜಿನಿಗೆ ಗಾಳಿ ತುಂಬುವ ಸಾಧನ) ಇರುವ ಎಂಜಿನ್ ಆದರೆ ಹೊಗೆ ಕೊಳವೆಯ ಬಾಯಿಯನ್ನೂ ಮುಚ್ಚಿ. ದಾರಿಯ ಗಾಳಿ ಒಳನುಗ್ಗಿ ಟರ್ಬೊವನ್ನು ತಿರುಗಿಸುತ್ತದೆ, ಎಂಜಿನ್ ನಿಂತಿರುವುದರಿಂದ ಅದಕ್ಕೆ ಎಣ್ಣೆ ಸಿಗುವುದಿಲ್ಲ.

ಟ್ರ್ಯಾಕ್ಟರ್ ನಿಂತಿರುವುದು ಗಾಳಿ ತುಂಬಿದ ಟೈರುಗಳ ಮೇಲೆ. ಕುಲುಕಾಟಕ್ಕೆ ಅವು ತಗ್ಗಿ ಏಳುತ್ತವೆ. ಹೊರಟಾಗ ತಂತಿಯಂತೆ ಬಿಗಿಯಾಗಿದ್ದ ಕಟ್ಟು ಸ್ವಲ್ಪ ದೂರದಲ್ಲೇ ಸಡಿಲವಾಗುತ್ತದೆ. ಹತ್ತು ಹದಿನೈದು ಕಿಲೋಮೀಟರ್ ಕಳೆದ ಮೇಲೆ ನಿಲ್ಲಿಸಿ, ನಾಲ್ಕನ್ನೂ ಕೈಯಿಂದ ಎಳೆದು ನೋಡಿ ಮತ್ತೆ ಬಿಗಿಯಬೇಕು. ಆ ಹುಡುಗ ಈಗ ಒಬ್ಬನೇ ಗಾಡಿ ತೆಗೆದುಕೊಂಡು ಹೋಗುತ್ತಾನೆ. ಮೊದಲ ನಿಲುಗಡೆಯಿಂದ ನನಗೆ ಫೋನ್ ಬರುತ್ತದೆ. “ಹಿಂದಿನ ಎಡಗಡೆಯದು ಸಡಿಲವಾಗಿತ್ತು ಅಣ್ಣ, ಬಿಗಿದಿದ್ದೇನೆ” ಎಂದು ಹೇಳಿ ಹೊರಡುತ್ತಾನೆ.