ಜೀಪಿನ ತಾಕತ್ತು, ತೋಟದ ಔಷಧಿ

“ಹೊಸ ಇಂಜಿನ್ನಲ್ಲಿ ಏನಿದೆ ಮಾರಾಯ್ರೇ, ಹಳೇ ಜೀಪಿನ ತಾಕತ್ತು ಅದಕ್ಕೆಲ್ಲಿ ಬರ್ಬೇಕು?” ಕೊಡಚಾದ್ರಿಗೆ ಜನರನ್ನು ಹತ್ತಿಸುವ ಜೀಪುಗಳ ಹತ್ತಿರ ಐದು ನಿಮಿಷ ನಿಂತರೆ ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ಕೇಳಿದಾಗಲೆಲ್ಲ ನನಗೆ ಸಿಟ್ಟು. ಆ ಹಳೇ ಜೀಪು, ಅಂದರೆ ಮಹೀಂದ್ರಾ ಎಂಎಂ 540ಯ 2.1 ಲೀಟರ್ ಪ್ಯೂಜೋ ಡೀಸೆಲ್ ಇಂಜಿನ್ ಕೊಡುತ್ತಿದ್ದದ್ದು 62 ಅಶ್ವಶಕ್ತಿ. ಅದೇ ಕಂಪೆನಿಯ ಹೊಸ ಜೀಪು, 2020ರ ಥಾರ್‌ನ 2.2 ಲೀಟರ್ ಡೀಸೆಲ್ 130 ಕೊಡುತ್ತದೆ. ಟಾರ್ಕ್ (ತಿರುಗಿಸುವ ಬಲ) ಅಂತೂ ಸುಮಾರು 120 ನ್ಯೂಟನ್ ಮೀಟರ್ ಇದ್ದದ್ದು 300ಕ್ಕೆ ಏರಿದೆ. ಹೊಟ್ಟೆ ಹೆಚ್ಚುಕಮ್ಮಿ ಅಷ್ಟೇ, ದುಡಿಮೆ ಎರಡರಿಂದ ಎರಡೂವರೆ ಪಟ್ಟು.

ಟರ್ಬೊ ಗಾಳಿ ತುಂಬುವುದು ಎಲ್ಲರಿಗೂ ಗೊತ್ತು, ಬಿಡಿ. ನನಗೆ ಮೋಜೆನಿಸುವುದು ಡೀಸೆಲ್ ಸಿಂಪಡಿಸುವ ಬಗೆ. ಅಡಿಕೆ ತೋಟದವರಿಗೆ ಇದು ಹೊಸದಲ್ಲ. ಕೊನೆಗೌಡ ಮರದ ಮೇಲಿಂದ ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ಔಷಧಿ) ಹೊಡೆಯುವಾಗ ನಾಜಲ್ಲಿನ ತೂತು ದೊಡ್ಡದಿದ್ದರೆ ಔಷಧಿ ಹನಿಹನಿಯಾಗಿ ಉರುಳಿ ನೆಲಕ್ಕೆ. ಸಣ್ಣದಿದ್ದರೆ ಮಂಜಿನಂತೆ ಹರಡಿ ಕಾಯಿಕಾಯಿಗೂ ಕೂರುತ್ತದೆ. ಡೀಸೆಲ್ಲೂ ಹಾಗೆಯೇ. ಹನಿ ಉರಿಯುವುದು ಹೊರಮೈಯಿಂದ. ಒಂದು ಹನಿಯನ್ನು ಹತ್ತನೇ ಒಂದರಷ್ಟು ಅಗಲದ ಸಾವಿರ ಹನಿ ಮಾಡಿದರೆ ಡೀಸೆಲ್ ಅಷ್ಟೇ, ಹೊರಮೈ ಮಾತ್ರ ಹತ್ತು ಪಟ್ಟು. ಉರಿಯದೆ ಉಳಿದದ್ದೇ ಘಾಟಿಯಲ್ಲಿ ಹಳೇ ಜೀಪು ಹಿಂದೆ ಬಿಡುವ ಕರಿಹೊಗೆ. ಆ ಇಂಜಿನ್ನಿನಲ್ಲಿ ತುಂತುರು ಒರಟು. ಅದಕ್ಕೇ ಪಕ್ಕದ ಪುಟ್ಟ ಕೋಣೆಯಲ್ಲಿ ಡೀಸೆಲ್ ಅರ್ಧ ಉರಿದು, ಊದುಗೊಳವೆಯಲ್ಲಿ ಊದಿದ ಹಾಗೆ ಸಿಲಿಂಡರಿಗೆ ನುಗ್ಗುತ್ತಿತ್ತು. ಬಿಸಿಯಲ್ಲಿ ಒಂದು ಪಾಲು ಆ ಕೋಣೆಯ ಗೋಡೆಗೇ ಹೋಗುತ್ತಿತ್ತು.

ಹೊಸದರಲ್ಲಿ ಕಾಮನ್ ರೈಲ್, ಅಂದರೆ ಎಲ್ಲ ಸಿಲಿಂಡರುಗಳಿಗೂ ಡೀಸೆಲ್ಲನ್ನು ಒತ್ತಿ ಹಿಡಿದಿಡುವ ಒಂದೇ ಕೊಳವೆ. ಒತ್ತಡ 1600 ಬಾರ್ ಆಸುಪಾಸು. ಜೋಗದ ರಾಜಾ 253 ಮೀಟರ್. ಅಷ್ಟೆತ್ತರದ ಪೈಪಿನಲ್ಲಿ ನೀರು ತುಂಬಿ ನಿಲ್ಲಿಸಿದರೆ ಬುಡದಲ್ಲಿ ಸಿಗುವುದು ಬರೀ 25 ಬಾರ್. ಅರವತ್ತಕ್ಕೂ ಹೆಚ್ಚು ಜೋಗಗಳನ್ನು ಒಂದರ ಮೇಲೊಂದು ಪೇರಿಸಿ, ಕೂದಲೆಳೆಯ ಲೆಕ್ಕದ ತೂತಿನಲ್ಲಿ ಹೊರಬಿಟ್ಟ ಹಾಗೆ! ರುಡಾಲ್ಫ್ ಡೀಸೆಲ್ 1897ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ಇಂಜಿನ್ ಓಡಿಸಿ ತೋರಿಸಿದಾಗ ಎಣ್ಣೆಯನ್ನು ಒಳಗೆ ಊದಲು ಗಾಳಿ ಒತ್ತುವ ಬೇರೆ ಯಂತ್ರವೇ ಬೇಕಿತ್ತು. ಆ ಯಂತ್ರವಿಲ್ಲದೆ ಡೀಸೆಲ್ಲನ್ನೇ ಒತ್ತಿ ನೂಕುವ ಬಾಷ್ ಪಂಪು ಬಂದದ್ದು 1927ರಲ್ಲಿ, ಕಾರಿಗೆ ಕಾಮನ್ ರೈಲ್ 1997ರಲ್ಲಿ.

ಹಾಗಾದರೆ ಡ್ರೈವರುಗಳು ಸುಳ್ಳು ಹೇಳುತ್ತಾರೆಯೇ? ಇಲ್ಲ, ಹೆಸರು ತಪ್ಪಿಟ್ಟಿದ್ದಾರೆ. ಹಳೇ ಜೀಪನ್ನು ಒಂದನೇ ಗೇರಿನಲ್ಲಿ ಕಲ್ಲಿನ ಮೇಲೆ ಬಿಟ್ಟು ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ. ವೇಗ ಕುಗ್ಗಿದಂತೆ ಪಂಪಿನಲ್ಲಿ ವೇಗ ಕಾಯುವ ಗವರ್ನರ್ ತಾನೇ ಡೀಸೆಲ್ ಹೆಚ್ಚಿಸುತ್ತದೆ, ಭಾರದ ಫ್ಲೈವೀಲ್ ಉಸಿರು ಕಟ್ಟಲು ಬಿಡುವುದಿಲ್ಲ. ಗುಡುಗುಡು ಅನ್ನುತ್ತ ಹತ್ತುತ್ತದೆ. ನಿಧಾನದಲ್ಲೂ ನಿಲ್ಲದ ಈ ಗುಣವನ್ನೇ ಅವರು ತಾಕತ್ತು ಅನ್ನುವುದು. ಥಾರ್‌ನ ಆ 300 ಟಾರ್ಕ್ ಸಿಗುವುದು ಇಂಜಿನ್ ನಿಮಿಷಕ್ಕೆ 1600 ಸುತ್ತು ಮುಟ್ಟಿದ ಮೇಲೆ. ಅದಕ್ಕಿಂತ ಕೆಳಗೆ ಟರ್ಬೊ ಇನ್ನೂ ಅರೆನಿದ್ದೆಯಲ್ಲಿರುತ್ತದೆ. ಹಳೇ ಕಾಲಿನ ಅಭ್ಯಾಸದಲ್ಲಿ ಓಡಿಸಿದರೆ ಸಪ್ಪೆ ಅನ್ನಿಸದೆ ಇನ್ನೇನು? ಫೋರ್-ಲೋ (ನಾಲ್ಕೂ ಚಕ್ರಕ್ಕೆ ನಿಧಾನದ ಗೇರು) ಹಾಕಿ ನೋಡಿ.

ಆದರೆ ಒಂದು ವಿಷಯದಲ್ಲಿ ಹಳೇದಕ್ಕೆ ಕೈಮುಗಿಯುತ್ತೇನೆ. ತೂತು ಸಣ್ಣದಾದಷ್ಟೂ ಸೋಸುವ ಕೆಲಸ ಜಾಸ್ತಿ. ಸುಣ್ಣ ಸರಿಯಾಗಿ ಸೋಸದೆ ನಾಜಲ್ ಕಟ್ಟಿಸಿಕೊಂಡವರಿಗೆ ಗೊತ್ತು. ಕಳೆದ ಆಟಿ ತಿಂಗಳ ಮಳೆಯಲ್ಲಿ ಭಾವನ ಹೊಸ ಗಾಡಿ ತೋಟದ ಏರಿನಲ್ಲಿ ಕೆಮ್ಮಿ ನಿಂತಿತು. ಮೆಕ್ಯಾನಿಕ್ ಫಿಲ್ಟರಿನ ಕೆಳಗಿನ ಸ್ಕ್ರೂ ಬಿಚ್ಚಿ ಬಾಟಲಿಗೆ ಹಿಡಿದ. ಮೇಲೆ ಡೀಸೆಲ್, ತಳದಲ್ಲಿ ಎರಡು ಬೆರಳು ನೀರು. ಕೊಟ್ಟಿಗೆಯ ಡ್ರಮ್ಮಿನಲ್ಲಿ ಮಳೆ ಶುರುವಾದಾಗಿನಿಂದ ಇಟ್ಟಿದ್ದ ಡೀಸೆಲ್. ತೇವದ ಗಾಳಿ ಒಳಗೇ ಬೆವರಿತ್ತು. “ಬಟ್ಟೆಯಲ್ಲಿ ಸೋಸಿಯೇ ಹಾಕಿದ್ದೆನಲ್ಲೋ!” ಎಂದರು ಭಾವ. ಬಟ್ಟೆಗೆ ಕಸ ನಿಲ್ಲುತ್ತದೆ, ನೀರು ನಿಲ್ಲುತ್ತದೆಯೇ?

ಇನ್ನು ಆ ಡ್ರಮ್ಮಿನಲ್ಲಿ ಬೋರ್ಡೋ ಕಲಸಿ ಎಂದೆ. ಭಾವ ನಕ್ಕರು. “ಕಬ್ಬಿಣದ ಡ್ರಮ್ಮಿಗೆ ಮೈಲುತುತ್ತವಾ? ಡ್ರಮ್ಮನ್ನೇ ತಿಂದುಬಿಡುತ್ತದೆ. ವಿಜ್ಞಾನ ಬರೆಯುವವನು ನೀನು!”